ಮುಖ ತಿರುಗಿಸಿದ ಹುಡುಗಿ

ಯಡಿಯೂರಿನ ನಮ್ಮ ಮನೆಯ ಹಜಾರದಲ್ಲಿ, ಹೊಸ್ತಿಲು ದಾಟಿದವರ ಕಣ್ಣಿಗೆ ಮೊದಲು ಬೀಳುವ ಹಾಗೆ, ಅಂಗೈಗಿಂತ ಕೊಂಚ ದೊಡ್ಡದಾದ ಒಂದು ಫೋಟೊ ತೂಗುತ್ತಿತ್ತು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನಿಂದ ಅದು ಅಲ್ಲೇ ಇತ್ತು. ಹೋದ ವರ್ಷ ಅಣ್ಣನ ಮಗ ತುಮಕೂರಿನಲ್ಲಿ ಹೊಸ ಮನೆ ಕಟ್ಟಿಸಿದಾಗ ಅದನ್ನು ಮೊಳೆಯಿಂದ ಇಳಿಸಿಕೊಂಡು ಹೋದ. ತಿಂಗಳಾದ ಮೇಲೆ ಎರಡಡಿ ಎತ್ತರದ, ಬಣ್ಣ ತುಂಬಿದ, ಬಂಗಾರದ ಕಟ್ಟಿನ ಫೋಟೊ ಮಾಡಿಸಿ ತಂದು ಅವ್ವನ ಮುಂದೆ ನಿಲ್ಲಿಸಿದ. "ನೋಡಜ್ಜಿ, ಎಐ ಹೆಂಗೆ ಮಾಡೈತೆ! ನಿನ್ನೆ ತೆಗೆದಂಗಿದೆ."

ಅವ್ವನಿಗೆ ಎಂಬತ್ತಾರು. ಕನ್ನಡಕ ಹಾಕಿಕೊಂಡು ನೋಡಿದಳು. ಕುರ್ಚಿಯ ಮೇಲೆ ಕೂತ ಯಜಮಾನರನ್ನು ನೋಡಿದಳು, ಪಕ್ಕದಲ್ಲಿ ನಿಂತ ಹೆಂಗಸನ್ನು ನೋಡಿದಳು, ಆಮೇಲೆ ಅವರಿಬ್ಬರ ನಡುವೆ ನಿಂತ ಹುಡುಗಿಯ ಮುಖದ ಮೇಲೆ ಬೆರಳಿಟ್ಟು ಕೇಳಿದಳು: "ಇದ್ಯಾರಪ್ಪ ಈ ಮಗ?"

"ನಿಮ್ಮಜ್ಜಿನೇ ಅಲ್ವ, ಅಜ್ಜಿ? ತಾತನ ಅಜ್ಜಿ!"

"ಅಲ್ಲ ಕಣಪ್ಪ. ಅವರಲ್ಲ ಇವರು."

ಅಷ್ಟೇ ಹೇಳಿ ಅವ್ವ ಕನ್ನಡಕ ತೆಗೆದಿಟ್ಟಳು. ಹುಡುಗ ಪೆಚ್ಚಾದ. ನಾನು ಆವತ್ತಿನಿಂದ ಆ ಎರಡು ಫೋಟೊಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಲೇ ಇದ್ದೇನೆ. ಬದುಕಿನಲ್ಲಿ ಅರವತ್ತು ವರ್ಷ ದಿನಾ ಕಂಡ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ಅದು ಕೆಟ್ಟ ಮೇಲೆಯೇ ಎಂದರೆ ನೀವು ನಗಬಾರದು.

ಹಳೆಯ ಫೋಟೊದಲ್ಲಿ ಇರುವುದು ಇಷ್ಟು. ಕೆತ್ತನೆಯ ಕುರ್ಚಿಯಲ್ಲಿ ಕೂತ ನಮ್ಮ ತಾತನ ತಾತ. ತಲೆಗೆ ರುಮಾಲು, ಮೈಗೆ ಕೋಟು, ಹೆಗಲಿಗೆ ಶಲ್ಯ. ತೊಡೆಯ ಮೇಲೆ ಒಂದು ದಪ್ಪ ಪುಸ್ತಕ, ಅದರ ನಡುವೆ ತೋರುಬೆರಳು ಸಿಕ್ಕಿಸಿದ್ದಾರೆ, ಓದುತ್ತ ಕೂತವರನ್ನು ಯಾರೋ ಕರೆದ ಹಾಗೆ. ಹಿಂದೆ ಪರದೆಯ ಮೇಲೆ ಬರೆದ ಕಂಬ, ಕಟಕಟೆ, ಬಳ್ಳಿ, ಅದರಾಚೆ ಒಂದು ಕೆರೆ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತವರು ಅವರ ಹೆಂಡತಿ. ನಡುವೆ ಆರು ವರ್ಷದ ಮಗಳು, ನಮ್ಮ ತಂದೆಯ ಅಜ್ಜಿ. ಅವಳ ಲಂಗ ಇದೆ, ಕಾಲ್ಗೆಜ್ಜೆ ಇದೆ, ಜಡೆ ಇದೆ. ಮುಖ ಇಲ್ಲ. ಮುಖ ಇರಬೇಕಾದ ಕಡೆ ನೀರಿನಲ್ಲಿ ಕದಡಿದ ಹಿಟ್ಟಿನಂಥ ಒಂದು ಬಿಳುಪು.

ಎಐ ಎಂಬ ಯಂತ್ರ ಆ ಬಿಳುಪನ್ನು ತುಂಬಿಸಿತು. ಕ್ಯಾಲೆಂಡರಿನ ಬಾಲಕಿಯಂತೆ ಗುಂಡುಗೆನ್ನೆ, ನುಣುಪಾದ ಗೋದಿ ಬಣ್ಣ, ಮುಂದೆ ನೋಡುವ ದೊಡ್ಡ ಕಣ್ಣು, ತುಟಿಯಲ್ಲಿ ಒಂದು ಕಿರುನಗೆ. ಯಾರೂ ಮುದ್ದಿಸಬೇಕು, ಹಾಗಿದೆ. ಆದರೆ ಆ ಮುಖ ಯಾರದ್ದೂ ಅಲ್ಲ.

ಅವ್ವ 1957ರಲ್ಲಿ ಹದಿನೇಳರ ಸೊಸೆಯಾಗಿ ಈ ಮನೆಗೆ ಬಂದಾಗ ಆ ಹುಡುಗಿ ಎಪ್ಪತ್ತರ ಹತ್ತಿರದ ಮುದುಕಿ. ನಾಲ್ಕು ವರ್ಷ ಅವರಿಗೆ ಎಣ್ಣೆ ಒತ್ತಿ, ನೀರು ಹಾಕಿ, ತಲೆ ಬಾಚಿದವಳು ಅವ್ವ. "ಕೆನ್ನೆ ಮೇಲೆ ಸಿಡುಬಿನ ಗುಳಿ ಇದ್ವು. ಎಣ್ಣೆ ಹಚ್ಚುವಾಗ ಬೆರಳಿಗೆ ಸಿಗೋವು" ಎಂದಳು. ಆ ಕೆನ್ನೆಯನ್ನು ಕಂಡ ಕಣ್ಣು, ಮುಟ್ಟಿದ ಕೈ ಈ ಲೋಕದಲ್ಲಿ ಈಗ ಅವ್ವನೊಬ್ಬಳದೇ ಉಳಿದಿದೆ. ಅವಳ ಎದುರಿಗೇ ನುಣುಪು ಕೆನ್ನೆಯ ಹುಡುಗಿಯನ್ನು ತಂದು ನಿಲ್ಲಿಸಿ "ನಿಮ್ಮಜ್ಜಿ" ಅಂದರೆ!

ಸಿಡುಬಿನ ಮಾತು ಬಂದಾಗ ನನಗೆ ಇನ್ನೊಂದು ಚಿತ್ರ ನೆನಪಾಗುತ್ತದೆ. ಫೋಟೊ ಅಲ್ಲ, ತೈಲಚಿತ್ರ. ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ 1805ರ ಸುಮಾರಿಗೆ ಮೈಸೂರಿನ ಮೂವರು ರಾಜಸ್ತ್ರೀಯರನ್ನು ಬರೆದದ್ದು. ಬಹಳ ಕಾಲ ಅದನ್ನು ಯಾರೋ ಮೂವರು ಚೆಲುವೆಯರ ಚಿತ್ರವೆಂದೇ ನೋಡುತ್ತಿದ್ದರು. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಬೇರೆ ರೀತಿ ಓದಿದರು: ಒಬ್ಬ ಎಳೆಯ ರಾಣಿ ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಿರುವುದು ಆಗತಾನೆ ಬಂದಿದ್ದ ದೇವಿ ಹಾಕಿಸಿಕೊಂಡ ಜಾಗವನ್ನು, ಇನ್ನೊಬ್ಬರ ಬಾಯಿಯ ಸುತ್ತಲಿನ ಮಾಸಲು ಬಣ್ಣ ಹಳೆಯ ಪದ್ಧತಿಯಲ್ಲಿ ಸಿಡುಬಿನ ಹೊಪ್ಪಳೆಯ ಪುಡಿಯನ್ನು ಮೂಗಿಗೆ ಏರಿಸಿದ್ದರ ಗುರುತು. ಜನ ಹೆದರದೆ ದೇವಿ ಹಾಕಿಸಿಕೊಳ್ಳಲಿ ಎಂದು ಬರೆಸಿದ ಚಿತ್ರ ಅದು ಎಂಬುದು ಅವರ ವಾದ. ಅವರ ವಾದ ಸರಿಯಾದರೆ, ಆ ಮಾಸಲು ಬಣ್ಣವನ್ನು 'ಸರಿಪಡಿಸಿದ' ಯಾರಾದರೂ ಇಡೀ ಚಿತ್ರದ ಮಾತನ್ನೇ ಅಳಿಸಿಬಿಡುತ್ತಿದ್ದರು. ಅರಮನೆಯ ಹೆಂಗಸು ತನ್ನ ಕಲೆಯನ್ನು ತೋರಿಸಿಕೊಂಡಳು. ಬಳೆಗಾರರ ಮನೆಯ ಹುಡುಗಿಗೆ ಅದನ್ನು ಬಚ್ಚಿಡುವ ಅವಸರ ನಮಗೆ.

ಹೌದು, ನಮ್ಮದು ಬಳೆಗಾರರ ಮನೆ. ಊರಿನಲ್ಲಿ ಇವತ್ತಿಗೂ ನಮ್ಮನ್ನು ಕರೆಯುವುದು 'ಬಳ್ಳಾರಿಯೋರ ಮನೆ' ಎಂದು. ನಾನಾಗಲಿ, ನಮ್ಮ ತಂದೆಯಾಗಲಿ, ಅವರ ತಂದೆಯಾಗಲಿ ಬಳ್ಳಾರಿಯಲ್ಲಿ ಒಂದು ರಾತ್ರಿ ಮಲಗಿದವರಲ್ಲ. ಆದರೂ ನೂರೈವತ್ತು ವರ್ಷಕ್ಕೂ ಹಳ್ಳಿ ಮರೆಯುವುದಿಲ್ಲ ನೋಡಿ. ಫೋಟೊದಲ್ಲಿ ಕೂತಿರುವವರು ಧಾತು ಈಶ್ವರದ ಬರದಲ್ಲಿ, 1877ರಲ್ಲಿ, ಇಪ್ಪತ್ತರ ಹುಡುಗನಾಗಿ ಬಳ್ಳಾರಿ ಸೀಮೆಯಿಂದ ನಡೆದು ಬಂದವರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು, ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅಂದರೆ ಅವರು ಒಂದು ಸರ್ಕಾರದ ಹಸಿವಿನಿಂದ ಇನ್ನೊಂದು ಸರ್ಕಾರದ ಹಸಿವಿಗೆ ಬಂದರು. ಮೈಸೂರು ಸೀಮೆಯಲ್ಲೂ ಏನೂ ಉಳಿದಿರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಇಲ್ಲಿನ ಜನ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿದ್ದರು. ಯಡಿಯೂರಿಗೇ ಯಾಕೆ ಬಂದರು ಎಂದರೆ ಮನೆಯಲ್ಲಿ ಹೇಳುವುದು ಒಂದೇ ಮಾತು: ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ ಇರುವ ಊರು, ಒಂದು ತುತ್ತು ದಾಸೋಹ ಸಿಕ್ಕೀತು ಎಂದು. ಸಿಕ್ಕಿತಂತೆ. ಆಮೇಲೆ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಕುಣಿಗಲ್ಲು, ಗುಬ್ಬಿ, ಕಗ್ಗೆರೆ, ಚೈತ್ರದ ಜಾತ್ರೆ ಎಂದು ತಿರುಗಿ, ಹದಿನೈದು ವರ್ಷದಲ್ಲಿ ಒಂದು ಮನೆ ಕಟ್ಟಿ, ಎರಡು ಎಕರೆ ಹೊಲ ಮಾಡಿದರು.

ಫೋಟೊ ತೆಗೆಸಿದ್ದು ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡ ವರ್ಷ ಎಂದು ನಮ್ಮ ತಾತ ಹೇಳುತ್ತಿದ್ದರು. ಹಾಗಾದರೆ 1894. ಎತ್ತಿನ ಗಾಡಿಯಲ್ಲಿ ತುಮಕೂರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನ ದಂಡು. ರೈಲು ಬಂದು ಹತ್ತು ವರ್ಷವಾಗಿತ್ತು. ಹಿಂದಿನ ರಟ್ಟನ್ನು ಗೆದ್ದಲು ತಿಂದು ಸ್ಟುಡಿಯೋದ ಹೆಸರು ಹೋಗಿದೆ, ಊರಿನ ಹೆಸರಿನ ಅರ್ಧ ಇಂಗ್ಲಿಷಿನಲ್ಲಿ ಉಳಿದಿದೆ.

ನಾನು ಕಾಲೇಜಿನಲ್ಲಿದ್ದಾಗ ಈ ಫೋಟೊವನ್ನು ಕಂಡರೆ ನನಗೆ ತಾತ್ಸಾರ. ಕಾರಣ ಆ ಪುಸ್ತಕ. ಹೊಲದ ಕ್ರಯಪತ್ರ ಮನೆಯ ಪೆಟ್ಟಿಗೆಯಲ್ಲಿದೆ, ಅದರಲ್ಲಿ ಅವರು ಒತ್ತಿರುವುದು ಹೆಬ್ಬೆಟ್ಟು. ಓದು ಬಾರದವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕೂತದ್ದು, ಬಳೆ ಮಾರುವವರು ಮಲಾರವನ್ನು ಮನೆಯಲ್ಲಿಟ್ಟು ಬಂದದ್ದು ಶುದ್ಧ ಸೋಗು ಎಂದು ತಾತನ ಮುಂದೆಯೇ ಅಂದಿದ್ದೆ. ತಾತ ಬೇಸರ ಮಾಡಿಕೊಳ್ಳಲಿಲ್ಲ. "ಪುಸ್ತಕ ಅಂಗಡಿಯವನದು ಕಣಮ್ಮ. ಕುರ್ಚೀನೂ ಅವನದೇ. ಕೋಟೂ ಅವನದೇ ಇದ್ದೀತು. ಅಲ್ಲಿಗೆ ಹೋದೋರೆಲ್ಲ ಅದನ್ನೇ ಹಿಡ್ಕಂಡು ಕೂರ್ತಿದ್ರು" ಅಂದರು.

ಆ ಮಾತು ಎಷ್ಟು ನಿಜವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಪ್ಯಾರಿಸಿನ ದಿಸ್ದೇರಿ ಎಂಬಾತ 1854ರಲ್ಲಿ ಒಂದೇ ಗಾಜಿನ ತಟ್ಟೆಯಲ್ಲಿ ಹಲವು ಚಿಕ್ಕ ಚಿತ್ರ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಅಲ್ಲಿಂದ ಫೋಟೊ ಅಗ್ಗವಾಯಿತು, ಜೊತೆಗೆ ಕಂಬ, ಪರದೆ, ಕುರ್ಚಿ, ಪುಸ್ತಕ ಇವೂ ಊರೂರಿಗೆ ಹೋದವು. ಬೆಂಗಳೂರಿನಲ್ಲಿ ಬಾರ್ಟನ್ ಕಂಪನಿಯವರು ಮೈಸೂರು ಅರಮನೆಯವರ ಚಿತ್ರ ತೆಗೆಯುತ್ತಿದ್ದರು. ಆ ರಾಜಠೀವಿಯ ಭಂಗಿಯನ್ನೇ ಅಕ್ಕಿ ವ್ಯಾಪಾರಿಗಳೂ ಗುಮಾಸ್ತರೂ ಒಂದು ಗಳಿಗೆ ಬಾಡಿಗೆಗೆ ಪಡೆದರು. ಪರದೆಯ ವಿಷಯಕ್ಕಂತೂ ನಮ್ಮ ಸೀಮೆಯವರು ಬೆರಗಾಗಬೇಕಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಆಮೇಲೆ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿ, ನಮಗೆ ಬರೆದ ಪರದೆಯ ಮುಂದೆ ನಿಂತವನನ್ನು ರಾಜನೆಂದು ನಂಬುವುದನ್ನು ಚೆನ್ನಾಗಿಯೇ ಕಲಿಸಿತ್ತು. ರಾಜನ ಪಾರ್ಟು ಮಾಡುವವನನ್ನು ನಾವು ಸುಳ್ಳ ಎನ್ನುವುದಿಲ್ಲವಲ್ಲ.

ಆದರೂ ಈ ಫೋಟೊ ನಾಟಕವಷ್ಟೇ ಅಲ್ಲ ಎಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಬೇರೆ ಎರಡು ಬಗೆಯ ಚಿತ್ರಗಳು.

ಒಂದು, ಅದೇ ಬರದ ಚಿತ್ರಗಳು. ಮದ್ರಾಸ್ ಸೈನ್ಯದ ಅಧಿಕಾರಿ ಹೂಪರ್ 1876-78ರ ಬರದಲ್ಲಿ ತೆಗೆದವು. ಎಲುಬಿನ ಹಂದರವಾದ ಗಂಡಸು, ಹೆಂಗಸು, ಮಕ್ಕಳನ್ನು ಒಟ್ಟಾಗಿ ಕೂರಿಸಿ, ನಿಲ್ಲಿಸಿ, ಸ್ಟುಡಿಯೋದಲ್ಲಿ ಕುಟುಂಬವನ್ನು ಜೋಡಿಸುವ ಹಾಗೆಯೇ ಜೋಡಿಸಿದ್ದಾನೆ. ಚಿತ್ರ ತೆಗೆದನೇ ಹೊರತು ಅವರಿಗೆ ನೆರವಾಗಲಿಲ್ಲ ಎಂಬ ಟೀಕೆ ಅವನ ಮೇಲೆ ಬಂತು. ನಾನು ಅವುಗಳನ್ನು ಪುಸ್ತಕವೊಂದರಲ್ಲಿ ನೋಡಿ ಆ ಪುಟವನ್ನು ಮತ್ತೆ ತೆರೆಯಲಾರದೆ ಹೋದೆ. ಅಲ್ಲಿ ಕೂತವರ ವಯಸ್ಸಿನಲ್ಲೇ, ಅದೇ ವರ್ಷದಲ್ಲಿ, ಅದೇ ಹಸಿವಿನಲ್ಲಿ ನಮ್ಮ ತಾತನ ತಾತ ಎಲ್ಲೋ ದಾರಿಯಲ್ಲಿ ನಡೆಯುತ್ತಿದ್ದರು.

ಇನ್ನೊಂದು, ಮಾರಿಷಸ್ಸಿನ ಚಿತ್ರಗಳು. ನಮ್ಮ ಮನೆಯಲ್ಲಿ ಇನ್ನೊಂದು ಮಾತಿದೆ. ನಡೆದು ಬಂದವರು ಇಬ್ಬರಲ್ಲ, ಹೊರಟಾಗ ಇದ್ದದ್ದು ಅಣ್ಣತಮ್ಮಂದಿರು. ತಮ್ಮ ಮದ್ರಾಸಿನ ದಾರಿ ಹಿಡಿದು 'ಹಡಗು ಹತ್ತಿದ'. ಆಮೇಲೆ ಸುದ್ದಿಯಿಲ್ಲ. ಹಾಗೆ ಹಡಗು ಹತ್ತಿದವರು ಹೋದದ್ದು ನಟಾಲಿಗೆ, ಮಾರಿಷಸ್ಸಿಗೆ, ಇನ್ನೂ ಎಲ್ಲೆಲ್ಲಿಗೋ. ಮಾರಿಷಸ್ ಒಂದಕ್ಕೇ 1834ರಿಂದ 1910ರವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ ಕಬ್ಬಿನ ತೋಟದ ಕರಾರಿಗೆ ಹೋದರು. ಅಲ್ಲಿ 1867ರಲ್ಲಿ ಒಂದು ಕಾನೂನು ಬಂತು. ಕರಾರು ಮುಗಿಸಿದ ಹಳೆಯ ವಲಸೆಗಾರರು ತಮ್ಮ ಫೋಟೊ ಅಂಟಿಸಿದ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು, ಪೊಲೀಸರು ಕೇಳಿದಾಗ ತೋರಿಸಬೇಕು. ಆ ಕಾಟ ತಾಳಲಾರದೆ 1871ರಲ್ಲಿ 9,401 ಮಂದಿ ಅರ್ಜಿಗೆ ರುಜು, ಹೆಬ್ಬೆಟ್ಟು ಹಾಕಿದರು. ಮೋಕಾ ಎಂಬಲ್ಲಿಯ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಆ ವಲಸೆ ದಾಖಲೆಗಳೂ ಫೋಟೊಗಳೂ ಇವೆ, ತಮ್ಮ ಮುತ್ತಜ್ಜ ಮುತ್ತಜ್ಜಿಯರನ್ನು ಹುಡುಕಿಕೊಂಡು ಅಲ್ಲಿಯ ಜನ ಬರುತ್ತಾರೆ. ಆ ಮುಖಗಳನ್ನು ನೋಡಿ. ಕಂಬವಿಲ್ಲ, ಬಳ್ಳಿಯಿಲ್ಲ, ಪುಸ್ತಕವಿಲ್ಲ. ನೆಟ್ಟ ನೋಟ. ಮುಗುಳ್ನಗೆಯಂತೂ ಕೇಳಲೇಬೇಡಿ.

ಈಗ ಹೇಳಿ. ಒಬ್ಬನ ಚಿತ್ರವನ್ನು ಅವನ ಹಸಿವಿಗಾಗಿ ತೆಗೆದರು. ಇನ್ನೊಬ್ಬನದನ್ನು ಅವನು ಓಡಿಹೋಗದಂತೆ ತೆಗೆದರು. ಮೂರನೆಯವನು ತಾನಾಗಿ ರೈಲು ಹತ್ತಿ, ದುಡ್ಡು ಕೊಟ್ಟು, ಹೆಂಡತಿ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೆಗೆಸಿದ. ತಂದು ಬಾಗಿಲಿನ ಎದುರಿಗೇ ತೂಗುಹಾಕಿದ, 'ಬಂದವರು' ಎಂದು ಕರೆಯುವ ಊರಿನವರೆಲ್ಲ ಒಳಗೆ ಕಾಲಿಟ್ಟೊಡನೆ ನೋಡಲಿ ಎಂದು. ಕಾಲೇಜು ಹುಡುಗಿ ಸೋಗು ಎಂದದ್ದನ್ನು ನಾನು ಈಗ ಹಾಗೆ ಅನ್ನಲಾರೆ. ಆ ಪುಸ್ತಕ ಅವರಿಗೆ ಓದಲು ಬೇಕಿರಲಿಲ್ಲ.

ಮಲಾರವನ್ನು ಮನೆಯಲ್ಲಿ ಬಿಟ್ಟು ಬಂದರು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಹಳೆಯ ಫೋಟೊದ ಮೇಲೆ ಭೂತಗನ್ನಡಿ ಹಿಡಿದರೆ ಕುರ್ಚಿಯ ಬೆನ್ನಿನ ಮೇಲಿರುವ ಹೆಂಡತಿಯ ಕೈ ಕಾಣುತ್ತದೆ. ಮಣಿಕಟ್ಟಿನಿಂದ ಮೇಲಕ್ಕೆ ಒತ್ತೊತ್ತಾಗಿ ಗಾಜಿನ ಬಳೆ, ಒಂದೊಂದರ ಅಂಚಿನಲ್ಲೂ ಕೂದಲೆಳೆಯಷ್ಟು ಬೆಳಕು. ಹನ್ನೊಂದರವರೆಗೆ ಎಣಿಸಿದೆ, ಆಮೇಲೆ ಸೆರಗು ಮುಚ್ಚುತ್ತದೆ. ಸ್ಟುಡಿಯೋದವನು ಅವರಿಗೆ ಕುರ್ಚಿ ಕೊಟ್ಟ, ಕೋಟು ಕೊಟ್ಟ, ಕೆರೆ ಕೊಟ್ಟ. ಬಳೆ ಮಾತ್ರ ಇವರದೇ. ಅಷ್ಟೂ ಹೆಂಗಸರ ಕೈ ಹಿಡಿದು, ನೋಯದಂತೆ ಬಳೆ ಏರಿಸಿ ಸಂಪಾದಿಸಿದ ದುಡ್ಡಿನಲ್ಲಿ ತೆಗೆಸಿದ ಚಿತ್ರದಲ್ಲಿ ಅವರ ಕಸುಬು ಹೆಂಡತಿಯ ಕೈಯಲ್ಲಿ ಇದೆ, ಅವರ ಭುಜದ ಪಕ್ಕದಲ್ಲೇ.

ಹೊಸ ಫೋಟೊದಲ್ಲಿ ಅವೆಲ್ಲ ಚಿನ್ನದ ಬಳೆಯಾಗಿವೆ.

ಯಂತ್ರದ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಹುಡುಗಿಯ ಮುಖವನ್ನಾದರೂ ಇಲ್ಲದ್ದರಿಂದ ಹುಟ್ಟಿಸಿತು ಎನ್ನೋಣ. ಇದ್ದದ್ದನ್ನು ಬದಲಿಸಿದ್ದಕ್ಕೆ ಏನು ಹೇಳುವುದು? ಸಾವಿರಾರು ಮದುವೆ ಫೋಟೊಗಳನ್ನು ನೋಡಿ ಕಲಿತ ಯಂತ್ರಕ್ಕೆ ಸಿಂಗರಿಸಿಕೊಂಡ ಹೆಂಗಸಿನ ಕೈಯಲ್ಲಿ ಹೊಳೆಯುವುದೆಲ್ಲ ಚಿನ್ನ ಎನ್ನಿಸಿರಬೇಕು. ಅದು ನಮ್ಮಿಂದಲೇ ಕಲಿತ ಪಾಠ ಅಲ್ಲವೇ!

ಬಣ್ಣದ ಕಥೆಯೂ ಹೀಗೇ. ಹೊಸ ಚಿತ್ರದಲ್ಲಿ ಹೆಂಡತಿಯ ಸೀರೆ ಕಾಫಿಪುಡಿ ಬಣ್ಣ. ಹಳೆಯದರಲ್ಲಿ ಅದು ಕಪ್ಪಾಗಿ ಕಾಣುತ್ತದೆ, ನಿಜ. ಆದರೆ ಆ ಕಾಲದ ಸಾಮಾನ್ಯ ಗಾಜಿನ ತಟ್ಟೆಗೆ ಕಾಣುತ್ತಿದ್ದುದು ನೀಲಿಯ ಬೆಳಕು, ಕೆಂಪು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಆದ್ದರಿಂದ ತಿಳಿನೀಲಿ ಬಿಳಿಯಾಗುತ್ತಿತ್ತು. ಕೆಂಪು, ಹಳದಿ ಎರಡೂ ಕಪ್ಪಾಗುತ್ತಿದ್ದವು. ಕೆಂಪು ಸೀರೆ ಕಪ್ಪು, ಕುಂಕುಮ ಕಪ್ಪು. ಪಾಪ, ಫೋಟೊಕ್ಕೆಂದು ಮುಖಕ್ಕೆ ಚೆನ್ನಾಗಿ ಅರಿಶಿನ ಹಚ್ಚಿ ತೊಳೆದು ಹೋದ ಹೆಂಗಸರು ಇನ್ನೂ ಕಪ್ಪಗೆ ಬಂದಿರುತ್ತಾರೆ. ಅಂದು ಸ್ಟುಡಿಯೋದಿಂದ ಫೋಟೊ ಕೈಗೆ ಬಂದಾಗ ಎಷ್ಟು ಜನ ಗುಟ್ಟಾಗಿ ಬೇಸರಪಟ್ಟುಕೊಂಡರೋ. ಅವ್ವನ ಪ್ರಕಾರ ಆ ಸೀರೆ ಕೆಂಪು. ಮುದುಕಿ ಹೇಳಿದ್ದಂತೆ, "ನಮ್ಮವ್ವ ಧಾರೆ ಸೀರೆ ಉಟ್ಕಂಡು ಬಂದಿದ್ಲು" ಎಂದು. ಯಂತ್ರ ಅವ್ವನನ್ನು ಕೇಳಲಿಲ್ಲ.

(ಇನ್ನೊಂದು ವಿಷಯ ಇದೆ, ಅದನ್ನು ಅವ್ವನಿಗೆ ನಾನು ಹೇಳಿಲ್ಲ, ನೀವೂ ಹೇಳಬೇಡಿ. ಆ ಕಾಲದ ಫೋಟೊ ಕಾಗದಕ್ಕೆ ಮೊಟ್ಟೆಯ ಲೋಳೆ ಬಳಿಯುತ್ತಿದ್ದರು. ಆ ಹೊಳಪು ಅದರದೇ. ಈರುಳ್ಳಿಯನ್ನೂ ಸೋಮವಾರ ಮುಟ್ಟದ ನಮ್ಮ ಮನೆಯವರು ದಿನಾ ವಿಭೂತಿ ಹಚ್ಚಿ ಕೈಮುಗಿದದ್ದು ಅದಕ್ಕೆ.)

ಹುಡುಗಿಯ ಮುಖ ಕದಡಿದ್ದು ಯಾಕೆ ಎಂಬುದಕ್ಕೆ ಬರಿಯ ತಾಂತ್ರಿಕ ಉತ್ತರ ಸಾಕಿತ್ತು. ಗಾಜಿನ ಮಾಡಿನಿಂದ ಇಳಿಯುವ ಹಗಲು ಬೆಳಕಿನಲ್ಲಿ ಚಿತ್ರ ಮೂಡಲು ಒಂದೆರಡು ಗಳಿಗೆಯಾದರೂ ಅಲುಗಾಡದೆ ಇರಬೇಕಿತ್ತು. ದೊಡ್ಡವರ ತಲೆಯ ಹಿಂದೆ ಕಾಣದಂತೆ ಕಬ್ಬಿಣದ ಆಸರೆ ಕೊಡುತ್ತಿದ್ದರು. ಮಗು ಅಲುಗಿತು, ಅಷ್ಟೆ. ಆದರೆ ಯಾಕೆ ಅಲುಗಿದಳು ಎಂಬುದು ಅವ್ವನಿಗೆ ಗೊತ್ತು, ಎಣ್ಣೆ ಹಚ್ಚಿಸಿಕೊಳ್ಳುತ್ತ ಮುದುಕಿ ಹೇಳಿದ್ದರು. ಫೋಟೊದವನು ಪೆಟ್ಟಿಗೆಯ ಹಿಂದೆ ಹೋಗಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಹುಡುಗಿ ನೋಡುತ್ತಾಳೆ, ಕೋಟು ಇದೆ, ಕಾಲಿದೆ, ತಲೆ ಇಲ್ಲ! ಆಮೇಲೆ ಅವನು ಹೊರಬಂದು ಮುಚ್ಚಳ ತೆಗೆದು ಅಲುಗಬೇಡಿ ಎಂದು ಕೈಸನ್ನೆ ಮಾಡುವ ಹೊತ್ತಿಗೆ ಇವಳು ಕತ್ತು ತಿರುಗಿಸಿ ಮೇಲೆ ನೋಡಿ ಕೇಳಿದಳು: "ಅವ್ವಾ, ಅವನ ತಲೆ ಎಲ್ಲಿಗೆ ಹೋಗಿತ್ತು?" ಅವ್ವ ಉತ್ತರ ಕೊಡಲಿಲ್ಲ. ಅಲುಗಬಾರದಲ್ಲ. ಎರಡನೇ ಸಲ ತೆಗೆಸಲು ದುಡ್ಡಿರಲಿಲ್ಲ.

ಅಂದರೆ ಆ ಬಿಳುಪು ಏನೂ ಇಲ್ಲದ ಜಾಗವಲ್ಲ. ಒಂದು ಮಗು ತಾಯಿಯ ಕಡೆ ತಿರುಗಿ ಮಾತಾಡುತ್ತಿರುವುದು ಅದು. ಇಡೀ ಫೋಟೊದಲ್ಲಿ ಬಾಡಿಗೆಯ ಭಂಗಿಗೆ ಒಗ್ಗದ ಒಂದೇ ಜೀವ. ಇದನ್ನು ತಿಳಿದು ನೋಡಿದರೆ ತಾಯಿಯ ಮುಖದಲ್ಲೂ ಏನೋ ಇದೆ ಎನ್ನಿಸುತ್ತದೆ. ತುಟಿ ಬಿಗಿದಿದ್ದಾರೆ, ಕಣ್ಣು ಮಾತ್ರ ಕೊಂಚ ಕೆಳಗೆ, ಮಗಳ ಕಡೆಗೆ ಜಾರಿದೆ. ನಾನು ಇಷ್ಟು ದಿನ ಅದನ್ನು ಹೆಣ್ಣಿನ ನಾಚಿಕೆ ಎಂದುಕೊಂಡಿದ್ದೆ. ಯಂತ್ರ ಆ ಕಣ್ಣನ್ನೂ ಎತ್ತಿ ನೇರ ಮಾಡಿದೆ.

ಇದನ್ನೆಲ್ಲ ಅಣ್ಣನ ಮಗನಿಗೆ ಹೇಳಿದೆ. ಕೇಳಿಸಿಕೊಂಡ. ಒಳ್ಳೆಯ ಹುಡುಗ, ಪ್ರೀತಿಯಿಂದ ಮಾಡಿಸಿದ್ದು, ಸಾವಿರಾರು ರೂಪಾಯಿ ಕೊಟ್ಟಿದ್ದಾನೆ. "ಅತ್ತೆ, ಹಂಗಾದ್ರೆ ಮುಖ ತಿರುಗಿಸಿ ಕೇಳೋ ಹಂಗೇ ವಿಡಿಯೋ ಮಾಡಬಹುದು, ಗೊತ್ತಾ?" ಅಂದ. ನಾನು ಕೈಮುಗಿದೆ.

ಗೃಹಪ್ರವೇಶದ ದಿನ ದೊಡ್ಡ ಫೋಟೊ ಹಾಲಿನಲ್ಲಿಯೇ ಇತ್ತು. ಹಳೆಯದನ್ನು ನನ್ನ ಹಟಕ್ಕೆ ಪಕ್ಕದ ಗೋಡೆಗೆ, ಅವ್ವನ ಕುರ್ಚಿಯ ಮೇಲುಗಡೆ ಹಾಕಿದ್ದ. ಬಂದವರೆಲ್ಲ ದೊಡ್ಡದರ ಮುಂದೆ ನಿಲ್ಲುತ್ತಿದ್ದರು. ಬೀಗರ ಕಡೆಯ ಒಬ್ಬ ಹೆಂಗಸು ಎರಡು ನಿಮಿಷ ದಿಟ್ಟಿಸಿ, "ಆಗಲೇ ಇಷ್ಟು ಬಂಗಾರ ಇತ್ತಾ ನಿಮ್ಮನೇಲಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ, "ಇಲ್ಲ ಆಂಟಿ, ಅವು ಗಾಜಿನವು. ಕಂಪ್ಯೂಟರ್ ತಪ್ಪು ಮಾಡೈತೆ. ನಾವು ಬಳೆಗಾರರು. ಬನ್ನಿ, ಇಲ್ಲಿ ನೋಡಿ" ಎಂದು ಅವರನ್ನು ಪಕ್ಕದ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ನನ್ನ ಭೂತಗನ್ನಡಿಯನ್ನು ಕೈಗೆ ಕೊಟ್ಟ.

ಆಕೆ ಬಗ್ಗಿ ನೋಡಿದರು. ಬಳೆ ನೋಡಿದರು. ಆಮೇಲೆ, "ಅಯ್ಯೋ, ಈ ಮಗೀಗೆ ಮುಖಾನೇ ಇಲ್ವಲ್ಲ!" ಎಂದರು.

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅವ್ವ ಕಣ್ಣು ಬಿಟ್ಟಳು. "ಕೂತ್ಕೊಳ್ಳಮ್ಮ" ಎಂದು ಪಕ್ಕದ ಕುರ್ಚಿ ತೋರಿಸಿದಳು. "ಅವನಿಗೆ ತಲೆ ಇರಲಿಲ್ಲವಂತೆ, ಆ ಫೋಟೊದೋನಿಗೆ..."